ಮನೆಯಲ್ಲಿ ಕಟ್ಟಿದ ಕಾರು: ಎಂಜಿನ್‌ಗಿಂತ ಮೊದಲು ಪೆಟ್ರೋಲ್ ಹರಿಯುವ ದಾರಿ

ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯನ್ನು ಮರೆತವರು ಈ ಮಹಾನಗರದ ಕನ್ನಡಿಗರಲ್ಲಿ ಇರಲಾರರು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಕಾರು 2023ರ ಅಕ್ಟೋಬರ್ ಕೊನೆಯಲ್ಲಿ ಟ್ಯಾಕ್ಸಿ ಸೇವೆಯಿಂದ ನಿವೃತ್ತಿ ಹೊಂದಿತು. ಬೇಸಿಗೆ ರಜೆಯಲ್ಲಿ ಪದ್ಮಿನಿಯಲ್ಲೇ ಊರಿಗೆ ಹೋಗಿ ಬಂದ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ಮಧ್ಯಾಹ್ನದ ಬಿಸಿಲಲ್ಲಿ ಖಂಬಾಟಕಿಯನ್ನೋ ಶಿರಾಡಿ ಘಾಟಿಯನ್ನೋ ಏರುವಾಗ ಕಾರು ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಡ್ರೈವರ್ ಬಾನೆಟ್ ಎತ್ತಿ, ಎಂಜಿನ್‌ಗೆ ಅಂಟಿಕೊಂಡಿದ್ದ ಫ್ಯುಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಯುತ್ತಿದ್ದ. ಪಂಪ್ ತಣ್ಣಗಾದೊಡನೆ ಕಾರು ಏನೂ ಆಗದಂತೆ ಹೊರಡುತ್ತಿತ್ತು. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತಿತ್ತು, ದ್ರವವನ್ನು ಎಳೆಯುವ ಪಂಪಿಗೆ ಆವಿಯನ್ನು ಎಳೆಯಲು ಬರುತ್ತಿರಲಿಲ್ಲ, ಕಾರಣ ಇಷ್ಟೇ.

ಇಂದಿನ ಕಾರುಗಳಲ್ಲಿ ಒದ್ದೆ ಬಟ್ಟೆಯ ಅಗತ್ಯ ಬೀಳುವುದಿಲ್ಲ. ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಕಂಪನಿಗಳ ಎಂಜಿನಿಯರ್‌ಗಳು ಟ್ಯಾಂಕಿನಿಂದ ಎಂಜಿನ್‌ವರೆಗಿನ ಇಡೀ ದಾರಿಯನ್ನೇ ಹೊಸದಾಗಿ ಕಟ್ಟಿದರು. ಇದೇ ಬದಲಾವಣೆಯನ್ನು ತಮ್ಮ ಮನೆಯ ಗ್ಯಾರೇಜಿನಲ್ಲಿ, ತಾವೇ ಕಟ್ಟಿದ ಕಾರಿಗೆ, ತಮ್ಮ ಕೈಯಿಂದಲೇ ಮಾಡುವ ಹವ್ಯಾಸಿಗಳೂ ಜಗತ್ತಿನಲ್ಲಿದ್ದಾರೆ. ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ಮಗನೋ ಮಗಳೋ 'ನಾವೇ ಒಂದು ಕಾರು ಕಟ್ಟುತ್ತಿದ್ದೇವೆ' ಎಂದು ಉತ್ಸಾಹದಿಂದ ಹೇಳುವ ದಿನಗಳು ನಮ್ಮ ಸಂಘಗಳ ಸದಸ್ಯರ ಮನೆಗಳಿಗೂ ಬಂದಿವೆ. ಹೆತ್ತವರು ಆಗ ಎಂಜಿನ್ ಎಷ್ಟು ಶಕ್ತಿಯದ್ದು, ಖರ್ಚೆಷ್ಟು ಎಂದು ಕೇಳುತ್ತಾರೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪೆಟ್ರೋಲ್ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಎಲ್ಲಿಯಾದರೂ ಸೋರಿದರೆ ಅದನ್ನು ನಿಲ್ಲಿಸುವವರು ಯಾರು?

ಕಿಟ್ ಕಾರು ಎಂದರೇನು?

ಬಿಡಿಭಾಗಗಳಾಗಿ ಖರೀದಿಸಿ ಮನೆಯಲ್ಲಿ ಜೋಡಿಸುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಈ ಹವ್ಯಾಸ ಹೆಚ್ಚು ಬೇರೂರಿದ್ದು ಇಂಗ್ಲೆಂಡಿನಲ್ಲಿ. ಕೊಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ 'ಸೆವೆನ್' ಎಂಬ ಎರಡು ಸೀಟಿನ ಹಗುರ ಕಾರನ್ನು ಹೊರತಂದಿತು. ಪೂರ್ತಿ ತಯಾರಾದ ಕಾರಿಗೆ ಆಗ ಅಲ್ಲಿ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳ ಕಿಟ್‌ಗೆ ಬೀಳುತ್ತಿರಲಿಲ್ಲ. ತೆರಿಗೆ ಉಳಿಸುವ ಈ ಉಪಾಯದಿಂದ ಸಾವಿರಾರು ಮಂದಿ ಮನೆಯಲ್ಲೇ ಪಾನಾ ಹಿಡಿದರು. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಮುಗಿಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ತೆರಿಗೆಯ ಲಾಭ ಹೋದರೂ ಹವ್ಯಾಸ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಬರೆದ ಪುಸ್ತಕವೊಂದು, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಭಾಗಗಳನ್ನು ಬಳಸಿ 250 ಪೌಂಡ್ ಖರ್ಚಿನಲ್ಲಿ ಅಂತಹ ಕಾರನ್ನು ಕಟ್ಟಬಹುದು ಎಂದು ತೋರಿಸಿದ ಮೇಲೆ ಇದಕ್ಕೆ ಹೊಸ ಜೀವ ಬಂತು. ಕಬ್ಬಿಣದ ಚೌಕ ಕೊಳವೆಗಳನ್ನು ಬೆಸೆದು ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಮುಂದೆ ಎಂಜಿನ್, ಸೀಟಿನ ಹಿಂದೆ ಪೆಟ್ರೋಲ್ ಟ್ಯಾಂಕ್, ಇಷ್ಟು ಅದರ ಸ್ವರೂಪ.

ಮುಂಬಯಿಯವರಿಗೆ ಈ ಮಾದರಿ ತೀರಾ ದೂರದ್ದೇನೂ ಅಲ್ಲ. ಸಮುದ್ರದ ಆಚೆ ಅಲಿಬಾಗ್‌ನ ಚಿಂಕಾರಾ ಮೋಟರ್ಸ್ ಇದೇ ಸೆವೆನ್ ಶೈಲಿಯ ರೋಡ್‌ಸ್ಟರ್ ಕಾರನ್ನು 2000ರ ದಶಕದಲ್ಲಿ ತಯಾರಿಸಿತ್ತು. ಅಂಬಾಸಿಡರ್ ಕಾರಿನಲ್ಲಿ ಬಳಕೆಯಲ್ಲಿದ್ದ 1.8 ಲೀಟರ್ ಇಸುಝು ಎಂಜಿನ್ ಅದರಲ್ಲಿತ್ತು.

ಕಾರ್ಬ್ಯುರೇಟರನ್ನು ಏಕೆ ಬದಲಾಯಿಸುತ್ತಾರೆ?

ಮೊದಲು ಕಟ್ಟಿದ ಕಿಟ್ ಕಾರುಗಳಲ್ಲೆಲ್ಲ ಕಾರ್ಬ್ಯುರೇಟರೇ ಇತ್ತು. ಅದರ ಕೆಲಸ ಸರಳ. ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಇಕ್ಕಟ್ಟಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ, ಸಣ್ಣ ರಂಧ್ರದ ಜೆಟ್‌ನಿಂದ ಪೆಟ್ರೋಲ್ ಹನಿಹನಿಯಾಗಿ ಅದರೊಡನೆ ಬೆರೆಯುತ್ತದೆ. ಇಂಜೆಕ್ಷನ್‌ನಲ್ಲಿ ಈ ಕೆಲಸವನ್ನು ಒಂದು ಚಿಕ್ಕ ಕಂಪ್ಯೂಟರ್ ನಿಭಾಯಿಸುತ್ತದೆ. ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದೆಲ್ಲ ಅಳೆದು ಇಂಜೆಕ್ಟರನ್ನು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ತೆರೆದು ಮುಚ್ಚುತ್ತದೆ.

ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಎಂಬ ಪ್ರಮಾಣ ಬಹಳ ಹೆಚ್ಚುಕಡಿಮೆಯಾಗದೆ ಇರಬೇಕು. ಇದು ಸಾಧಾರಣ ಕಾರ್ಬ್ಯುರೇಟರಿನ ಶಕ್ತಿಗೆ ಮೀರಿದ್ದು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳಿಗೂ 1998ರಿಂದ ಒಂಟಿ ವಾಹನ ತಪಾಸಣೆ ಕಡ್ಡಾಯವಾಯಿತು, 2009ರಲ್ಲಿ ಆ ತಪಾಸಣೆ ಇನ್ನಷ್ಟು ಬಿಗಿಯಾಯಿತು. ಎಂಜಿನ್ ಹೊಸತಾದಷ್ಟೂ ಹೊಗೆಯ ಮಿತಿ ಕಠಿಣ. ಅಲ್ಲದೆ ಗುಜರಿಗೆ ಬರುವ ಕಾರುಗಳಲ್ಲಿ ಈಗ ಕಾರ್ಬ್ಯುರೇಟರ್ ಇರುವ ಎಂಜಿನ್ ಸಿಗುವುದೇ ಅಪರೂಪ. ಹೀಗಾಗಿ ಒಮ್ಮೆ ಕಾರ್ಬ್ಯುರೇಟರ್ ಹಾಕಿ ಕಟ್ಟಿದವರೂ ಮುಂದೆ ಇಂಜೆಕ್ಷನ್ನಿಗೆ ಬದಲಾಯಿಸಿಕೊಳ್ಳಲು ಹೊರಡುತ್ತಾರೆ.

3 ಪೌಂಡಿನಿಂದ 43 ಪೌಂಡಿಗೆ

ಇಲ್ಲಿಯೇ ಮೊದಲ ಎಚ್ಚರಿಕೆ ಅಗತ್ಯ. ಕಾರಿನ ಚಕ್ರಕ್ಕೆ 30 ಪೌಂಡ್ ಗಾಳಿ ತುಂಬಿಸುತ್ತೇವೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತಲುಪಿಸುವ ಪೈಪಿನಲ್ಲಿ ಇರುವ ಒತ್ತಡ 2ರಿಂದ 4 ಪೌಂಡ್ ಮಾತ್ರ, ಅಂದರೆ ಚಕ್ರದ ಒತ್ತಡದ ಹತ್ತರಲ್ಲಿ ಒಂದು ಭಾಗ. ಇಂಜೆಕ್ಷನ್ ಪೈಪಿನಲ್ಲಿ ಸಾಮಾನ್ಯವಾಗಿ 3 ಬಾರ್, ಅಂದರೆ ಸುಮಾರು 43 ಪೌಂಡ್ ಒತ್ತಡ ಇರುತ್ತದೆ. ಇದು ಚಕ್ರದ ಒತ್ತಡಕ್ಕಿಂತಲೂ ಹೆಚ್ಚು. ಹಳೆಯ ಪೈಪಿನಲ್ಲಿ ಸಣ್ಣ ಬಿರುಕು ಬಿಟ್ಟರೆ ಪೆಟ್ರೋಲ್ ಒಸರುತ್ತಿತ್ತು. ಹೊಸ ಪೈಪಿನಲ್ಲಿ ಅಷ್ಟೇ ಬಿರುಕು ಬಿಟ್ಟರೆ ಅದು ಸಣ್ಣ ಹನಿಗಳ ಚಿಲುಮೆಯಾಗಿ ಚಿಮ್ಮುತ್ತದೆ. ಎಂಜಿನ್ ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್ ಇರುತ್ತದೆ ಎಂಬುದನ್ನು ಮರೆಯಬಾರದು.

ಪಂಪ್ ಒಂದನ್ನು ಬದಲಾಯಿಸಿ ಉಳಿದದ್ದನ್ನು ಹಾಗೆಯೇ ಬಿಡುವುದು ಈ ಕಾರಣಕ್ಕೆ ತಪ್ಪು ದಾರಿ. ಇಂಧನದ ರಬ್ಬರ್ ಪೈಪುಗಳಿಗೂ ದರ್ಜೆಗಳಿವೆ. ಅಮೆರಿಕದ ಎಸ್‌ಎಇ ಮಾನದಂಡದಲ್ಲಿ 'ಆರ್7' ಗುರುತಿನ ಸಾಧಾರಣ ಪೈಪ್ 50 ಪೌಂಡಿನವರೆಗೆ, 'ಆರ್9' ಗುರುತಿನ ಇಂಜೆಕ್ಷನ್ ಪೈಪ್ 100 ಪೌಂಡಿನವರೆಗೆ ಕೆಲಸ ಮಾಡಲು ತಯಾರಾದದ್ದು. ಒತ್ತಡ ಇರುವುದು 43, ಪೈಪ್ ತಡೆಯುವುದು 50, ಹಾಗಾದರೆ ಸಾಕಲ್ಲವೇ ಎಂದು ಲೆಕ್ಕ ಹಾಕುವವರಿದ್ದಾರೆ. ಟ್ಯಾಂಕಿಗೆ ಮರಳುವ ಪೈಪು ಎಲ್ಲಾದರೂ ಮಡಚಿಕೊಂಡರೆ ಅಥವಾ ಒತ್ತಡ ಕಾಯುವ ರೆಗ್ಯುಲೇಟರ್ ಸಿಕ್ಕಿಹಾಕಿಕೊಂಡರೆ ಪಂಪ್ ತನ್ನ ಪೂರ್ತಿ ಬಲವನ್ನು ಹಾಕುತ್ತದೆ, ಆಗ ಒತ್ತಡ 43ರಲ್ಲಿ ನಿಲ್ಲುವುದಿಲ್ಲ. ತಿಜೋರಿಗೆ ಬೀಗ ಆರಿಸುವಾಗ ಮಾಮೂಲು ದಿನದ ಲೆಕ್ಕ ಹಿಡಿಯುವುದಿಲ್ಲ, ಕೆಟ್ಟ ದಿನದ ಲೆಕ್ಕ ಹಿಡಿಯುತ್ತಾರೆ. ಪೈಪಿಗೂ ಅದೇ ನ್ಯಾಯ.

ಇದರ ತಿರುವು-ಮುರುವೂ ಅಷ್ಟೇ ಅಪಾಯ. ಇಂಜೆಕ್ಷನ್ನಿನ ಪಂಪನ್ನು ತಂದು ಕಾರ್ಬ್ಯುರೇಟರಿಗೆ ಜೋಡಿಸಿದರೆ, ಒಳಗಿನ ಫ್ಲೋಟ್ ಮೇಲೆ ಕುಳಿತ ಸೂಜಿ ಕವಾಟ ಆ ಒತ್ತಡವನ್ನು ತಡೆಯಲಾರದೆ ತೆರೆದೇ ಇರುತ್ತದೆ. ಪೆಟ್ರೋಲ್ ತುಂಬಿ ಹೊರಚೆಲ್ಲುತ್ತದೆ.

ಜಮಾ-ಖರ್ಚಿನ ಲೆಕ್ಕ

ಎರಡನೆಯ ವ್ಯತ್ಯಾಸ ಹರಿವಿನದ್ದು. ಹಳೆಯ ವ್ಯವಸ್ಥೆಯಲ್ಲಿ ಎಂಜಿನ್ ಸುಟ್ಟಷ್ಟೇ ಪೆಟ್ರೋಲ್ ಟ್ಯಾಂಕಿನಿಂದ ಹೊರಡುತ್ತಿತ್ತು. ಇಂಜೆಕ್ಷನ್ನಿನಲ್ಲಿ, ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಬಳಸುವ ಮಾದರಿಯಲ್ಲಿ, ಪಂಪ್ ಒಂದೇ ಸಮ ಓಡುತ್ತಿರುತ್ತದೆ, ಬೇಕಾದಷ್ಟನ್ನು ಎಂಜಿನ್ ತೆಗೆದುಕೊಂಡು ಉಳಿದದ್ದು ಟ್ಯಾಂಕಿಗೆ ಮರಳುತ್ತದೆ.

ಒಂದು ಉದಾಹರಣೆ ನೋಡಬಹುದು. 120 ಅಶ್ವಶಕ್ತಿಯ ಎಂಜಿನ್ ಪೂರ್ತಿ ಬಲದಲ್ಲಿ ಓಡಿದರೆ ಗಂಟೆಗೆ ಸುಮಾರು 27 ಕಿಲೋ, ಅಂದರೆ 37 ಲೀಟರಿನಷ್ಟು ಪೆಟ್ರೋಲ್ ಸುಡುತ್ತದೆ. ಸಾಮಾನ್ಯವಾದ ಒಂದು ಇಂಜೆಕ್ಷನ್ ಪಂಪ್ ಗಂಟೆಗೆ 120 ಲೀಟರ್ ಕಳಿಸುತ್ತದೆ ಎಂದು ಇಟ್ಟುಕೊಳ್ಳೋಣ. 37 ಖರ್ಚಾಗಿ 83 ಲೀಟರ್ ಟ್ಯಾಂಕಿಗೆ ವಾಪಸು. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಸುಡುವುದು ಗಂಟೆಗೆ ಸುಮಾರು 1 ಲೀಟರ್, ಆಗ 119 ಲೀಟರ್ ವಾಪಸು. ಟ್ಯಾಂಕ್ 30 ಲೀಟರಿನದ್ದಾದರೆ ಅದರಲ್ಲಿರುವ ಎಲ್ಲ ಪೆಟ್ರೋಲ್ ಗಂಟೆಗೆ 4 ಸಲ ಬಿಸಿ ಎಂಜಿನ್ ಬಳಿ ಹೋಗಿ ಬಂದಂತಾಯಿತು.

ಇದರಿಂದ ಎರಡು ಕೆಲಸಗಳು ಹುಟ್ಟುತ್ತವೆ. ಮೊದಲನೆಯದು, ಹೋಗುವ ಪೈಪಿನಷ್ಟೇ ಧಾರಾಳವಾದ ಮರಳುವ ಪೈಪೊಂದನ್ನು ಹಾಕಬೇಕು. ಹಳೆಯ ಟ್ಯಾಂಕಿನಲ್ಲಿ ಅದಕ್ಕೆ ಬಾಯಿಯೇ ಇರುವುದಿಲ್ಲ. ಆಗ ಖಾಲಿ ಟ್ಯಾಂಕ್ ತಾನೇ ಎಂದು ಬೆಸುಗೆಗೆ ಇಳಿಯುವುದು ಅತ್ಯಂತ ಅಪಾಯಕಾರಿ ಕೆಲಸ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಸಿಡಿಯುವ ಸಂಭವ ಹೆಚ್ಚು. ಅದು ಪರಿಣತರ ಕೆಲಸ, ಅಥವಾ ಹೊಸ ಟ್ಯಾಂಕನ್ನೇ ಮಾಡಿಸುವುದು ಲೇಸು. ಎರಡನೆಯದು, ಹೋಗಿಬರುವ ಪೆಟ್ರೋಲ್ ಟ್ಯಾಂಕಿನೊಳಗೂ ಬಿಸಿಯೇರುತ್ತದೆ, ಆವಿ ಹೆಚ್ಚುತ್ತದೆ. ಆ ಆವಿ ಹೊರಹೋಗಲು ಗಾಳಿಕಿಂಡಿ ಬೇಕು. ಕಾರು ಮಗುಚಿದರೆ ಅದೇ ಕಿಂಡಿಯಿಂದ ಪೆಟ್ರೋಲ್ ಸುರಿಯದಂತೆ ತಾನಾಗಿ ಮುಚ್ಚಿಕೊಳ್ಳುವ ಕವಾಟವೂ ಬೇಕು.

ತಿರುವಿನಲ್ಲಿ ಪೆಟ್ರೋಲ್ ಎಲ್ಲಿ ಹೋಗುತ್ತದೆ?

ಪಂಪ್, ಪೈಪ್ ಎಲ್ಲ ಸರಿಯಾಗಿದ್ದೂ ಕಾರು ತಿರುವಿನಲ್ಲಿ ತಡವರಿಸುತ್ತದೆ ಎಂದು ಹೊಸಬರು ದೂರುವುದುಂಟು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಫಕ್ಕನೆ ತಿರುಗಿದರೆ ನೀರು ಒಂದು ಬದಿಗೆ ಏರುವಂತೆ ಟ್ಯಾಂಕಿನಲ್ಲೂ ಆಗುತ್ತದೆ. ತಿರುವಿನ ಬಲ ಭೂಮಿಯ ಸೆಳೆತದ ಅರ್ಧದಷ್ಟಾದರೆ ಪೆಟ್ರೋಲಿನ ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ, ಸೆಳೆತಕ್ಕೆ ಸಮವಾದರೆ 45 ಡಿಗ್ರಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ತುಂಬಿದ್ದರೆ ಪೈಪಿನ ಬಾಯಿ ಬರಿದಾಗಿ ಪಂಪ್ ಗಾಳಿಯನ್ನು ಎಳೆಯುತ್ತದೆ.

ಕಾರ್ಬ್ಯುರೇಟರ್ ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಪುಟ್ಟ ಬಟ್ಟಲಿನ ಪೆಟ್ರೋಲ್ ಒಂದೆರಡು ತಿರುವುಗಳನ್ನು ದಾಟಿಸುತ್ತಿತ್ತು. ಕೈಗೆ ಸಂಬಳ ಬರುವವರೆಗೆ ಡಬ್ಬಿಯಲ್ಲಿಟ್ಟ ಚಿಲ್ಲರೆ ಇದ್ದಂತೆ ಅದು. ಇಂಜೆಕ್ಷನ್ನಿನಲ್ಲಿ ಆ ಬಟ್ಟಲೇ ಇಲ್ಲ. ಗಾಳಿಗುಳ್ಳೆ ನೇರವಾಗಿ ಇಂಜೆಕ್ಟರಿಗೆ ತಲುಪುತ್ತದೆ, ಎಂಜಿನ್ ಮಿಡುಕುತ್ತದೆ. ಪೂರ್ತಿ ಬಲದಲ್ಲಿರುವಾಗ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಪಿಸ್ಟನ್ನಿಗೇ ಹಾನಿ. ಪಂಪಿಗೂ ತೊಂದರೆ, ಏಕೆಂದರೆ ವಿದ್ಯುತ್ ಪಂಪನ್ನು ತಂಪಾಗಿಡುವುದೂ ಅದಕ್ಕೆ ಎಣ್ಣೆಯಂತೆ ಜಾರಿಕೆ ಕೊಡುವುದೂ ಅದರೊಳಗೆ ಹರಿಯುವ ಪೆಟ್ರೋಲೇ. ಒಣಗಿ ಓಡಿದ ಪಂಪ್ ಬೇಗ ಹಾಳಾಗುತ್ತದೆ.

ಕಂಪನಿ ಕಾರುಗಳಲ್ಲಿ ಟ್ಯಾಂಕಿನೊಳಗೇ ತಡೆಗೋಡೆ ಹಾಗೂ ಪಂಪ್ ಮುಳುಗಿರಲು ಚಿಕ್ಕ ಬಟ್ಟಲು ಇರುತ್ತವೆ. ಕಿಟ್ ಕಾರು ಕಟ್ಟುವವರು ಹೊರಗೆ 'ಸ್ವರ್ಲ್ ಪಾಟ್' ಎಂಬ ಒಂದೆರಡು ಲೀಟರಿನ ಉದ್ದನೆಯ ಪಾತ್ರೆಯನ್ನು ಕೂರಿಸುತ್ತಾರೆ. ಕಡಿಮೆ ಒತ್ತಡದ ಒಂದು ಪಂಪ್ ಟ್ಯಾಂಕಿನಿಂದ ಪೆಟ್ರೋಲ್ ತಂದು ಈ ಪಾತ್ರೆಯನ್ನು ಸದಾ ತುಂಬಿಸಿಡುತ್ತದೆ. ಹೆಚ್ಚು ಒತ್ತಡದ ಇನ್ನೊಂದು ಪಂಪ್ ಪಾತ್ರೆಯ ತಳದಿಂದ ಎಳೆದು ಎಂಜಿನ್‌ಗೆ ಕಳಿಸುತ್ತದೆ. ಎಂಜಿನ್ ಕಡೆಯಿಂದ ಮರಳಿದ್ದು ಇದೇ ಪಾತ್ರೆಗೆ ಬೀಳುತ್ತದೆ. ಮೇಲೇರುವ ಗಾಳಿಗುಳ್ಳೆಯೂ ಹೆಚ್ಚಾದ ಪೆಟ್ರೋಲೂ ನೆತ್ತಿಯ ಪೈಪಿನಿಂದ ಟ್ಯಾಂಕಿಗೆ ಹೋಗುತ್ತವೆ. ಟ್ಯಾಂಕಿನಲ್ಲಿ ಎಷ್ಟೇ ಅಲ್ಲೋಲಕಲ್ಲೋಲವಾದರೂ ಪಾತ್ರೆಯ ತಳ ಒಣಗುವುದಿಲ್ಲ. ಹೆಚ್ಚು ಒತ್ತಡದ ಪಂಪಿಗೆ ತಳ್ಳುವ ಶಕ್ತಿ ಜಾಸ್ತಿ, ಎಳೆಯುವ ಶಕ್ತಿ ಕಡಿಮೆ. ಆದ್ದರಿಂದ ಅದನ್ನು ಪಾತ್ರೆಗಿಂತ ಕೆಳಗೆ, ಹತ್ತಿರದಲ್ಲೇ ಕೂರಿಸಬೇಕು. ಪಂಪಿಗೆ ಮೊದಲು ಕಸ ತಡೆಯುವ ದೊಡ್ಡ ಕಣ್ಣಿನ ಜಾಲರಿ, ಪಂಪಿನ ಅನಂತರ ಇಂಜೆಕ್ಟರನ್ನು ಕಾಯುವ ನಯವಾದ ಫಿಲ್ಟರ್, ಇದೇ ಕ್ರಮ. ನಯವಾದ ಫಿಲ್ಟರನ್ನು ಪಂಪಿನ ಮುಂಚೆ ಇಟ್ಟರೆ ಪಂಪ್ ಉಸಿರುಗಟ್ಟಿದಂತಾಗುತ್ತದೆ.

ಎಂಜಿನ್ ನಿಂತರೂ ನಿಲ್ಲದ ಪಂಪ್

ಇಷ್ಟೆಲ್ಲದರಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು. ಪದ್ಮಿನಿಯಂತಹ ಕಾರಿನ ಪಂಪನ್ನು ಎಂಜಿನ್ನೇ ತಿರುಗಿಸುತ್ತಿತ್ತು. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತಿತ್ತು. ಅದು ಯಾರೂ ಬೇರೆಯಾಗಿ ಯೋಚಿಸದೆಯೇ ಒದಗಿಬಂದಿದ್ದ ರಕ್ಷಣೆ. ವಿದ್ಯುತ್ ಪಂಪ್ ಹಾಗಲ್ಲ. ಕೀ ಚಾಲೂ ಇದ್ದು ಬ್ಯಾಟರಿಯಿಂದ ನೇರ ತಂತಿ ಎಳೆದಿದ್ದರೆ, ಕಾರು ಗುದ್ದಿ ಪೈಪ್ ತುಂಡಾದರೂ ಪಂಪ್ ತನ್ನ ಪಾಡಿಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೇಲಿನ ಲೆಕ್ಕದ ಪ್ರಕಾರ ನಿಮಿಷಕ್ಕೆ 2 ಲೀಟರ್.

ಆದ್ದರಿಂದ ಪಂಪಿನ ವಿದ್ಯುತ್ತು ಮೂರು ಕಾವಲುಗಳನ್ನು ದಾಟಿ ಬರಬೇಕು. ಪಂಪಿನ ಸಾಮರ್ಥ್ಯಕ್ಕೆ ತಕ್ಕ ಫ್ಯೂಸ್ ಮೊದಲನೆಯದು. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಕಂಪ್ಯೂಟರ್ ಚಾಲೂ ಇಡುವ ರಿಲೇ ಎರಡನೆಯದು. ಕೀ ತಿರುಗಿಸಿದಾಗ ಅದು ಒಂದೆರಡು ಸೆಕೆಂಡ್ ಪಂಪನ್ನು ಓಡಿಸಿ, ಎಂಜಿನ್ ಹೊತ್ತಿಕೊಳ್ಳದಿದ್ದರೆ ನಿಲ್ಲಿಸುತ್ತದೆ. ಗುದ್ದಿದ ಹೊಡೆತಕ್ಕೆ ತಾನಾಗಿ ಕಡಿತವಾಗುವ ಇನರ್ಷಿಯಾ ಸ್ವಿಚ್ ಮೂರನೆಯದು. ಫೋರ್ಡ್ ಸೇರಿದಂತೆ ಅನೇಕ ಕಂಪನಿಗಳ ಕಾರುಗಳಲ್ಲಿ ಈ ಸ್ವಿಚ್ ಬಂದಿದೆ. ಹಳೆಯ ಕಾರಿನಿಂದ ಎಂಜಿನ್ ಬಿಚ್ಚಿ ತರುವವರು ಇದನ್ನು ಅಲ್ಲೇ ಬಿಟ್ಟುಬರುವುದು ಸಾಮಾನ್ಯ, ಏಕೆಂದರೆ ಇದಿಲ್ಲದೆಯೂ ಕಾರು ಚೆನ್ನಾಗಿಯೇ ಓಡುತ್ತದೆ. ಒಂದು ದಿನ ಬೇಕಾಗುವವರೆಗೆ!

ಪೈಪುಗಳನ್ನು ಹಾಯಿಸುವ ವಿಧಾನವೂ ಮುಖ್ಯ. ಸೈಲೆನ್ಸರ್ ಪೈಪಿನಿಂದ ದೂರ, ತಿರುಗುವ ಶಾಫ್ಟಿನಿಂದ ದೂರ, ಕಾರಿನ ತಳದ ಕೊಳವೆಗಿಂತ ಕೆಳಗೆ ಜೋತುಬೀಳದಂತೆ, ತಗಡಿನ ರಂಧ್ರ ದಾಟುವಲ್ಲೆಲ್ಲ ರಬ್ಬರ್ ಬಳೆ ಹಾಕಿ ಒಯ್ಯಬೇಕು. ಬರೀ ತಾಮ್ರದ ಕೊಳವೆ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುವುದರಿಂದ ಉಕ್ಕಿನ ಅಥವಾ ತಾಮ್ರ-ನಿಕ್ಕಲ್ ಮಿಶ್ರ ಕೊಳವೆ ಉತ್ತಮ. ರಬ್ಬರ್ ಪೈಪ್ ಸಿಕ್ಕಿಸುವ ಕೊಳವೆಯ ತುದಿ ನುಣುಪಾಗಿರದೆ ಉಬ್ಬಿದ ಅಂಚು ಇರಬೇಕು, ಇಲ್ಲದಿದ್ದರೆ 43 ಪೌಂಡಿನ ಒತ್ತಡಕ್ಕೆ ಪೈಪ್ ಜಾರಿ ಕಳಚಿಕೊಳ್ಳುತ್ತದೆ. ಹಲ್ಲಿನ ಪಟ್ಟಿಯನ್ನು ಸ್ಕ್ರೂನಿಂದ ಬಿಗಿಯುವ ಅಗ್ಗದ ಕ್ಲಿಪ್ ರಬ್ಬರನ್ನು ಕೊರೆಯುತ್ತದೆ. ಅಂಚು ಹೊರಮಡಿಸಿದ, ನಟ್ಟು-ಬೋಲ್ಟಿನಿಂದ ಬಿಗಿಯುವ ಕ್ಲಿಪ್ಪೇ ಇದಕ್ಕೆ ಸರಿ. ಬೆಲೆಯಲ್ಲಿ ಕೆಲವೇ ರೂಪಾಯಿಗಳ ಅಂತರ.

ಎಥೆನಾಲ್ ತಂದ ಹೊಸ ಪರೀಕ್ಷೆ

ಪೆಟ್ರೋಲೇ ಈಗ ಬದಲಾಗಿದೆ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ ಶೇ. 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯ ಮಾರಾಟಕ್ಕೆ ಬಂತು. ಭಾರತದಲ್ಲಿ ಶೇ. 20 ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2030ಕ್ಕೆ ಎಂದು ಇಟ್ಟುಕೊಂಡಿದ್ದ ಗುರಿ ಹಿಂದಕ್ಕೆ ಬಂದು 2025ರಲ್ಲೇ ದೇಶ ಶೇ. 20ರ ಮಟ್ಟ ಮುಟ್ಟಿತು.

ಎಥೆನಾಲ್ ಹಳೆಯ ತರಹದ ರಬ್ಬರನ್ನು ಉಬ್ಬಿಸುತ್ತದೆ, ಕಾಲಕ್ರಮೇಣ ಬಿರುಕು ಬಿಡಿಸುತ್ತದೆ. ಅದು ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯಬಹುದು. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಕರಗಿಸಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ಜತೆಗೆ, ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ 14.7ರ ಪ್ರಮಾಣ ಇ20ಯಲ್ಲಿ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹೊಗೆ ಅಳೆಯುವ ಸೆನ್ಸರ್ ಇರುವ ಇಂಜೆಕ್ಷನ್ ಇದನ್ನು ಬಹುಮಟ್ಟಿಗೆ ತಾನೇ ಸರಿದೂಗಿಸುತ್ತದೆ. ಕಾರ್ಬ್ಯುರೇಟರಿಗೆ ಜೆಟ್ ಬದಲಾಯಿಸಬೇಕಾಗುತ್ತದೆ. ಕಿಟ್ ಕಾರಿನ ಮಾತು ಹಾಗಿರಲಿ, ಊರಿನ ಮನೆಯಲ್ಲಿ ಹಳೆಯ ಫಿಯೆಟ್ಟನ್ನೋ ಅಂಬಾಸಿಡರನ್ನೋ ಪ್ರೀತಿಯಿಂದ ಉಳಿಸಿಕೊಂಡವರು ಇಂಧನದ ರಬ್ಬರ್ ಪೈಪುಗಳನ್ನು ಒಮ್ಮೆ ಬಗ್ಗಿಸಿ ನೋಡುವುದು ಒಳ್ಳೆಯದು. ಗೆರೆಗೆರೆಯಾಗಿ ಸೀಳು ಕಂಡರೆ ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಬೇಕು.

ನಮ್ಮ ದೇಶದ ಕಾನೂನು, ನಮ್ಮ ಮಕ್ಕಳ ಕಾರು

ಇಂಗ್ಲೆಂಡಿನಂತೆ ಮನೆಯಲ್ಲಿ ಕಾರು ಕಟ್ಟಿ ತಪಾಸಣೆ ಮಾಡಿಸಿ ರಸ್ತೆಗಿಳಿಸುವ ಸುಲಭ ದಾರಿ ಭಾರತದಲ್ಲಿಲ್ಲ. ಇಲ್ಲಿ ವಾಹನದ ಮಾದರಿಗೆ ಪುಣೆಯ ಎಆರ್‌ಎಐಯಂತಹ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಸಿಗಬೇಕು. ನೋಂದಣಿಯಾದ ಕಾರನ್ನು ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿತು. ಸಿಎನ್‌ಜಿಯಂತಹ ಬೇರೆ ಇಂಧನಕ್ಕೆ ಬದಲಾಯಿಸಲು ಅವಕಾಶವಿದೆ, ಆದರೆ ಒಪ್ಪಿಗೆ ಪಡೆದ ಕಿಟ್ ಹಾಕಿಸಿ ಆರ್‌ಸಿ ಪುಸ್ತಕದಲ್ಲಿ ನಮೂದಿಸಬೇಕು. ಇದನ್ನು ಮಾಡದವರಿಗೆ ವಿಮೆಯ ಹಣ ಕೇಳುವ ಹೊತ್ತಿಗೆ ತೊಡಕಾಗಬಹುದು.

ಹಾಗಿದ್ದರೂ ನಮ್ಮ ವಿದ್ಯಾರ್ಥಿಗಳು ಕಾರು ಕಟ್ಟುತ್ತಿದ್ದಾರೆ, ರಸ್ತೆಗಾಗಿ ಅಲ್ಲ, ಸ್ಪರ್ಧೆಗಾಗಿ. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆಯ ಮಾದರಿಯಲ್ಲಿ ಭಾರತದಲ್ಲೂ ಸ್ಪರ್ಧೆಗಳು ನಡೆಯುತ್ತವೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಇವುಗಳಲ್ಲೊಂದು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್' ತಂಡ ಈ ಕ್ಷೇತ್ರದಲ್ಲಿ ಕರ್ನಾಟಕದ ಹೆಸರನ್ನು ಮುಂದೆ ತಂದಿರುವುದು ಹೆಮ್ಮೆಯ ಸಂಗತಿ.

ಈ ಬಗೆಯ ಸ್ಪರ್ಧೆಗಳಲ್ಲಿ ಓಟಕ್ಕೆ ಮೊದಲು ಒಂದು ಪರೀಕ್ಷೆ ಇರುತ್ತದೆ. ಇಂಧನ ತುಂಬಿದ ಕಾರನ್ನು, ಚಾಲಕನನ್ನು ಕೂರಿಸಿಯೇ, ಒಂದು ಹಲಗೆಯ ಮೇಲೆ ನಿಲ್ಲಿಸಿ 60 ಡಿಗ್ರಿ ಓರೆ ಮಾಡುತ್ತಾರೆ. ಒಂದು ಹನಿಯೂ ಸೋರಬಾರದು, ಒಂದು ಚಕ್ರವೂ ಹಲಗೆಯಿಂದ ಏಳಬಾರದು. ಭೂಮಿಯ ಸೆಳೆತದ 1.7 ಪಟ್ಟು ಬಲದ ತಿರುವಿಗೆ ಇದು ಸಮ. ಸೋರಿದರೆ ಎಷ್ಟೇ ವೇಗದ ಕಾರಾದರೂ ಸರಿಪಡಿಸುವ ತನಕ ಓಟಕ್ಕಿಳಿಯುವಂತಿಲ್ಲ. ವರ್ಷವಿಡೀ ನಿದ್ದೆಗೆಟ್ಟು ಕಟ್ಟಿದ ತಂಡಗಳು ಒಂದು ಕ್ಲಿಪ್ಪಿನ ದೆಸೆಯಿಂದ ಇಲ್ಲಿ ಪರದಾಡುವುದುಂಟು. ಮನೆಯಲ್ಲಿ ಕಾರು ಕಟ್ಟುವವರಿಗೆ ಇಂತಹ ಹಲಗೆ ಇಲ್ಲ, ಬೇಡ ಎನ್ನುವ ತೀರ್ಪುಗಾರರೂ ಇಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕಾಗುತ್ತದೆ.

ಮನೆಯವರು ಗಮನಿಸಬೇಕಾದದ್ದು

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಮುಂಬಯಿಯ ಕಟ್ಟಡಗಳಲ್ಲಿ ಕಾರು ನಿಲ್ಲಿಸುವ ಜಾಗವಿರುವುದು ನಾಲ್ಕಾರು ಮಾಳಿಗೆಗಳ ಸಂಸಾರಗಳ ಕೆಳಗೆ. ಪಕ್ಕದಲ್ಲೇ ನೀರಿನ ಪಂಪಿನ ಮೋಟಾರು ಮತ್ತು ವಿದ್ಯುತ್ ಮೀಟರುಗಳು ಇರುತ್ತವೆ. ಇಂತಹಲ್ಲಿ ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸಕ್ಕೆ ಸೊಸೈಟಿಯ ಒಪ್ಪಿಗೆ ಸಿಕ್ಕಿದರೂ ಕೈಹಾಕಬಾರದು. ಗಾಳಿಯಾಡುವ ಬಯಲು ಅಥವಾ ಕಾಲೇಜಿನ ವರ್ಕ್‌ಶಾಪ್ ಅದಕ್ಕೆ ತಕ್ಕ ಸ್ಥಳ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಅನುಭವಿಗಳು ಅದಕ್ಕೆ ಮೊದಲು ಸ್ವಲ್ಪವೇ ಪೆಟ್ರೋಲ್ ಹಾಕಿ, ಎಂಜಿನ್ ತಣ್ಣಗಿರುವಾಗಲೇ ಪಂಪನ್ನು ಮಾತ್ರ ಓಡಿಸಿ, ಒತ್ತಡ ಏರಿದ ಮೇಲೆ ಪ್ರತಿಯೊಂದು ಜೋಡಣೆಗೂ ಒಣ ಕಾಗದ ಒತ್ತಿ ನೋಡುತ್ತಾರೆ. ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ನೀರಿನ ಬಾಲ್ದಿ ಪ್ರಯೋಜನಕ್ಕಿಲ್ಲ, ಏಕೆಂದರೆ ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಮೊದಲ ಓಟದ ಬಳಿಕ ಪೈಪುಗಳು ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಅದೇ ಪರೀಕ್ಷೆ.

ಕಾರು ಕಟ್ಟುವ ಮಕ್ಕಳನ್ನು ತಡೆಯುವುದು ಸಲ್ಲದು. ಪಾನಾ ಹಿಡಿದು ಕಲಿತ ವಿದ್ಯೆ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ಖರ್ಚಿಗೆ ಹಣ ಕೊಡುವ ತಂದೆ-ತಾಯಿ, ಚಂದಾ ಎತ್ತಿ ಸಹಾಯ ಮಾಡುವ ಸಂಘದವರು ನಾಲ್ಕು ಪ್ರಶ್ನೆ ಕೇಳಲಿ. ಪೈಪ್ ಯಾವ ದರ್ಜೆಯದು? ಮರಳುವ ದಾರಿ ಇದೆಯೇ? ಗುದ್ದಿದರೆ ಪಂಪ್ ನಿಲ್ಲುತ್ತದೆಯೇ? ಕಾರು ಓರೆಯಾದರೆ ಸೋರುತ್ತದೆಯೇ? ಈ ನಾಲ್ಕಕ್ಕೂ ಮಕ್ಕಳು ಕಾರಿನ ಬಳಿ ಕರೆದೊಯ್ದು ಕೈಯಿಟ್ಟು ತೋರಿಸಿ ಉತ್ತರ ಕೊಟ್ಟರೆ ಎಂಜಿನ್ ಎಷ್ಟು ಅಶ್ವಶಕ್ತಿಯದ್ದು ಎಂದು ಆಮೇಲೆ ಕೇಳಬಹುದು. ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಏನನ್ನೂ ಕೇಳುವುದು ಬೇಡ. ಕೀ ತೆಗೆದು, ದೂರ ನಿಂತು, ಸೋರುವ ಜಾಗ ಸಿಗುವವರೆಗೆ ಕಾರನ್ನು ಚಾಲೂ ಮಾಡಲು ಬಿಡಬಾರದು.